ಎಂಟು ಗಂಟೆಯ ‘ಹೂಂ’

ಮಾರ್ಚ್ ೧೯, ಬುಧವಾರ
ಅಂಗಡಿಯಿಂದ

ಅಣ್ಣಾ,

ನಮಸ್ಕಾರ. ನೀನು ರಜೆ ಮುಗಿಸಿ ಅಲ್ಲಿಗೆ ತಲುಪಿ ಒಂಬತ್ತು ದಿನವಾಯಿತು. ಇಷ್ಟು ದಿನ ಒಂದಕ್ಷರ ಬರೆಯಲಿಲ್ಲ, ಫೋನಿನಲ್ಲೂ “ಎಲ್ಲ ಸರಿ ಇದೆ, ನಿಂದು ಊಟ ಆಯ್ತಾ” ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ತಪ್ಪಾಯಿತು. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಳುತ್ತೇನೆ, ಕೊನೆಗೆ ಇಬ್ಬರೂ ಬಿಸಿಲಿನ ಮಾತಿಗೆ ಬಂದು ನಿಲ್ಲುತ್ತೇವೆ. ಕಾಗದವಾದರೆ ನೀನು ಸುಮ್ಮನೆ ಕೇಳಲೇಬೇಕು. ಅಂಗಡಿಯ ಬಾಗಿಲಿಗೆ ‘ಊಟದ ಸಮಯ’ ಎಂಬ ಹಲಗೆ ತಗುಲಿಸಿ, ಔಷಧಿ ಕಪಾಟಿನ ಹಿಂದೆ ಕೂತು ಬರೆಯುತ್ತಿದ್ದೇನೆ. ಊಟ ಮಾಡಿಲ್ಲ.

ಮೊದಲು ಅತ್ತಿಗೆಯ ಸುದ್ದಿ. ತೊಡೆಯ ಬಾವು ಇಳಿದಿದೆ. ಕಪ್ಪಗಿದ್ದದ್ದು ಹಳದಿಗೆ ತಿರುಗಿದೆ. ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಮೊನ್ನೆ ಹೋದಾಗ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಯ್ದೆ. ಏಟು ಬಿದ್ದಿರುವುದು ಕಾಲಿಗೆ ತಾನೆ, ಕೈಗಲ್ಲವಲ್ಲ ಎಂದಳು. ಯಂತ್ರ ತುಳಿಯುವುದು ಯಾವುದರಿಂದ ಎಂದು ಕೇಳಿದೆ. ನಕ್ಕಳು.

ಇನ್ನೊಂದು ಸುದ್ದಿ ಅಷ್ಟು ಚೆನ್ನಾಗಿಲ್ಲ. ನಿನ್ನೆಯ ಪರೀಕ್ಷೆಯಲ್ಲಿ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಂಕಿ ಒಂದು ಪಾಯಿಂಟ್ ಒಂಬತ್ತು ಬಂದಿದೆ. ಅವಳ ಎದೆಯಲ್ಲಿರುವ ಲೋಹದ ವಾಲ್ವಿಗೆ ಅದು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಮೂರು ವಾರದ ಹಿಂದೆ ಅದು ಒಂಬತ್ತಕ್ಕೆ ಏರಿ, ಮೇಜಿನ ಮೂಲೆ ತಗುಲಿದ ಒಂದು ಏಟಿಗೆ ತೊಡೆಯ ಒಳಗೆಲ್ಲ ರಕ್ತ ತುಂಬಿಕೊಂಡಿತು. ಈಗ ಇಳಿದಿದೆ, ಇಳಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಅತ್ತ ದರಿ, ಇತ್ತ ಪುಲಿ. ಹದಿನೆಂಟು ವರ್ಷದಿಂದ ಜನರಿಗೆ ರಕ್ತ ತೆಳುವಾಗಿಸುವ ಈ ಮಾತ್ರೆ ಕೊಡುತ್ತಿದ್ದೇನೆ, ಇಷ್ಟು ಹೆದರಿದ್ದು ಇದೇ ಮೊದಲು.

ಅಂಕಿ ಯಾಕೆ ಇಳಿಯಿತು ಎಂಬುದನ್ನೂ ಹೇಳಬೇಕು. ಅಂಗಡಿ ಮುಚ್ಚಿ ನಾನು ಅವಳ ಮನೆಗೆ ಹೋಗುವಾಗ ಎಂಟೂವರೆ ದಾಟಿರುತ್ತದೆ. ಎಂಟಕ್ಕೆ ನುಂಗಬೇಕಾದ ಮಾತ್ರೆಗಳು ಈ ವಾರ ಮೂರು ಸಲ ತಟ್ಟೆಯಲ್ಲೇ ಇದ್ದವು. ಎದುರಿಗೆ ನಿಂತು ನುಂಗಿಸಿದೆ. ನನಗೆ ಬರಲಾಗದ ಎರಡು ದಿನ ಏನಾಯಿತೋ, ಕೇಳಿದರೆ ಸೀರೆಯ ಅಂಚು ನೋಡುತ್ತಾಳೆ. ಯಾಕೆ ಹೀಗೆ ಮಾಡುತ್ತೀ ಎಂದರೆ, “ಎಂಟಕ್ಕೆ ನಿಮ್ಮಣ್ಣ ಫೋನ್ ಮಾಡ್ತಿದ್ರಲ್ಲ. ಬಂದ್ಮೇಲೆ ತಗೊಳ್ಳೋಣ ಅಂತ ಕಾಯ್ತೀನಿ. ಈಗ ಬೆಳಿಗ್ಗೆ ಮಾಡ್ತಾರೆ” ಎಂದಳು.

ನೀನು ಎಂಟು ಗಂಟೆಗೆ ಫೋನ್ ಮಾಡುವುದನ್ನು ಬಿಟ್ಟಿದ್ದೀ. ಶನಿವಾರ ಮಾತ್ರೆ ನೆನಪಿಸುವ ಆ್ಯಪ್ ತೆರೆದು ನೋಡಿದರೆ ಅತ್ತಿಗೆಯ ಹೆಸರಿನ ಕೆಳಗೆ, ನಿನ್ನ ಹೆಸರಿದ್ದ ಜಾಗದಲ್ಲಿ ‘ಸಹಾಯಕರು ಹೊರಗೆ ಹೋಗಿದ್ದಾರೆ’ ಎಂದಿತ್ತು. ಯಾಕೆ ಹೋದೆ ಎಂದು ನನಗೆ ಗೊತ್ತು. ನಿನ್ನ ಕೈಯಾರೆ ಮಾತ್ರೆ ಕೊಟ್ಟ ಹನ್ನೆರಡು ದಿನದಲ್ಲೇ ಅವಳಿಗೆ ಹೀಗಾಯಿತು, ಆದ್ದರಿಂದ ನಿನ್ನ ಕೈಯೇ ಸರಿಯಿಲ್ಲ ಎಂದುಕೊಂಡಿದ್ದೀ. ಅಣ್ಣಾ, ಅದು ನಿಜವಲ್ಲ. ನಿಜ ಏನೆಂದು ಹೇಳುತ್ತೇನೆ. ಓದುತ್ತಾ ನನ್ನ ಮೇಲೆ ಕೋಪ ಬಂದರೆ ಬರಲಿ, ಅರ್ಧಕ್ಕೆ ಮಡಚಿಡಬೇಡ.

ಎಂಟು ತಿಂಗಳ ಹಿಂದೆ ಈ ಆ್ಯಪ್ ಬಂದಾಗ ನಾನೆಷ್ಟು ಕುಣಿದೆ ಎಂದು ನಿನಗೆ ನೆನಪಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಅರವತ್ತೊಂದು ಜನ ನನ್ನ ಒಂದು ಫೋನಿನಲ್ಲಿ. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ, ಮಾತ್ರೆ ನುಂಗಿದವರು ಒತ್ತುತ್ತಾರೆ, ನನ್ನ ಕಡೆ ಹಸಿರು ಗುರುತು ಬೀಳುತ್ತದೆ. ರಕ್ತದ ಅಂಕಿಯೂ ಅಲ್ಲಿಗೇ ಬರುತ್ತದೆ. ಎರಡನ್ನೂ ನೋಡಿ ನಾನು ಡಾಕ್ಟರಿಗೆ ಬರೆಯುತ್ತೇನೆ, ಅವರು ಪ್ರಮಾಣ ಬದಲಿಸುತ್ತಾರೆ. ಅತ್ತಿಗೆ ಬಟ್ಟೆಯ ರಾಶಿಯಲ್ಲಿ ಫೋನು ಹುಡುಕುತ್ತಾ ಕೂರುತ್ತಾಳೆ ಎಂದು, ಅವಳ ಪರವಾಗಿ ನೀನೂ ಒತ್ತಬಹುದಾದ ಹಾಗೆ ನಿನ್ನ ನಂಬರು ಸೇರಿಸಿದವಳು ನಾನು. ನೀನು ಕೇಳಿರಲಿಲ್ಲ.

ಅಲ್ಲಿಂದ ನೀನು ದಿನವೂ ಎಂಟಕ್ಕೆ ಫೋನ್ ಮಾಡಿ ತಗೊಂಡ್ಯಾ ಎಂದು ಕೇಳುವುದು, ಅವಳು ಹೂಂ ಎನ್ನುವುದು, ನೀನು ಒತ್ತುವುದು. ಹಸಿರು. ಸುರಂಗದ ಕೆಲಸ ಮುಗಿಸಿ, ಮೈಯೆಲ್ಲ ಧೂಳಾಗಿ ಬಂದವನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಅವಳ ಹೂಂ ಎಂಬುದು ‘ನುಂಗಿದೆ’ ಎಂದಲ್ಲ, ‘ನುಂಗುತ್ತೇನೆ’ ಎಂದು. ಆಸ್ಪತ್ರೆಯಲ್ಲಿ ಎರಡನೆಯ ದಿನ, ನೀನು ಹಣ್ಣು ತರಲು ಹೋಗಿದ್ದಾಗ ಅವಳೇ ಹೇಳಿದಳು.

“ಕೈಯಲ್ಲಿ ಸೂಜಿ ಇರುತ್ತೆ, ಬಾಯಲ್ಲಿ ದಾರ ಇರುತ್ತೆ. ಇದೊಂದು ಮುಗಿಸಿ ತಗೊಳ್ಳೋಣ ಅಂತ ಹೂಂ ಅಂದ್ಬಿಡ್ತೀನಿ. ಆಮೇಲೆ ಮರೆತೇ ಹೋಗುತ್ತೆ. ಇಲ್ಲ ಅಂದ್ರೆ ಅಷ್ಟು ದೂರದಲ್ಲಿ ಅವರಿಗೆ ನಿದ್ದೆ ಬರುತ್ತಾ, ನೀನೇ ಹೇಳು.”

ಶಾಲೆಯ ಸಮವಸ್ತ್ರ ಹೊಲಿಯುವ ಆ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನವಾದರೂ ತಪ್ಪಿದೆಯಂತೆ. ಅಂಕಿ ಇಳಿಯಿತು. ನಾನು ಆ್ಯಪ್ ನೋಡಿದೆ, ಎಲ್ಲ ಹಸಿರು. ‘ಒಂದು ದಿನವೂ ತಪ್ಪಿಲ್ಲ, ಆದರೂ ಅಂಕಿ ಕಡಿಮೆ, ಪ್ರಮಾಣ ಹೆಚ್ಚಿಸಬಹುದು’ ಎಂದು ಬರೆದೆ. ಮೂರು ಮಾತ್ರೆ ನಾಲ್ಕಾಯಿತು. ಮುಂದಿನ ತಿಂಗಳೂ ಹಾಗೇ ಬರೆದೆ. ನಾಲ್ಕು ಐದಾಯಿತು. ಆಮೇಲೆ ನೀನು ರಜೆಗೆ ಬಂದೆ. ದಿನವೂ ಒಂದು ಲೋಟ ನೀರು ಹಿಡಿದು ಮುಂದೆ ನಿಂತು, ಐದಕ್ಕೆ ಐದೂ ನುಂಗಿಸಿದೆ. ಅವಳ ಮೈಗೆ ಮೂರೇ ಸಾಕಾಗಿತ್ತು. ನೀನು ಕೊಟ್ಟದ್ದರಲ್ಲಿ ತಪ್ಪಿಲ್ಲ, ನಾನು ಬರೆಸಿದ ಲೆಕ್ಕವೇ ತಪ್ಪು.

ನೀನು ಕೇಳಬಹುದು, ಆ್ಯಪ್ ಸುಳ್ಳು ಹೇಳಿದರೆ ನೀನೇನು ಮಾಡುತ್ತೀ ಎಂದು. ಅದು ಸುಳ್ಳು ಹೇಳಿಲ್ಲ. ಪ್ರತಿ ಹಸಿರಿನ ಕೆಳಗೂ ಸಣ್ಣಕ್ಷರದಲ್ಲಿ ‘ಸಹಾಯಕರಿಂದ’ ಎಂದಿತ್ತು. ಅದನ್ನು ನಾನು ದಿನವೂ ಓದಿದ್ದೇನೆ. ಓದಿ, ನಮ್ಮಣ್ಣನಂಥ ಗಂಡ ಯಾರಿಗಿದ್ದಾನೆ ಎಂದು ಹೆಮ್ಮೆಪಟ್ಟಿದ್ದೇನೆ. ಇನ್ನೂ ನಾಚಿಕೆಗೇಡಿನ ಮಾತೆಂದರೆ, ಅತ್ತಿಗೆ ಏಳು ವಾರ ನನ್ನ ಅಂಗಡಿಯಿಂದ ಮಾತ್ರೆಯ ಒಂದೇ ಒಂದು ಹೊಸ ಪಟ್ಟಿ ತೆಗೆದುಕೊಂಡಿರಲಿಲ್ಲ. ಪ್ರಮಾಣ ಏರುತ್ತಿದೆ, ಮಾತ್ರೆ ಖಾಲಿಯಾಗುತ್ತಿಲ್ಲ. ನನಗೆ ಕೆಲಸ ಕಲಿಸಿದ ಹಳೆಯ ಯಜಮಾನರು ಫೋನೂ ಇಲ್ಲ ಆ್ಯಪೂ ಇಲ್ಲದ ಕಾಲದಲ್ಲಿ, ಇಂಥವರು ಈ ತಿಂಗಳು ಬರಲಿಲ್ಲವಲ್ಲ ಎಂದು ಚಪ್ಪಲಿ ಮೆಟ್ಟಿ ಮನೆಗೇ ಹೋಗಿ ನೋಡುತ್ತಿದ್ದರು. ನನ್ನ ಸ್ವಂತ ಅತ್ತಿಗೆ ಮೂರು ಬೀದಿ ಆಚೆ ಇದ್ದಾಳೆ. ದೀಪದ ಬುಡದಲ್ಲೇ ಕತ್ತಲು.

ಇದೇ ಆ್ಯಪ್ ಅವಳನ್ನು ಉಳಿಸಿತು ಎಂಬುದನ್ನೂ ಮರೆಯಬಾರದು. ತೊಡೆಗೆ ಏಟು ಬಿದ್ದ ದಿನ ನೀನು ಟಿಕೆಟ್ ಮಾಡಿಸಲು ಹೋಗಿದ್ದಾಗ, ವ್ಯಾಪಾರದ ಹೊತ್ತಿನಲ್ಲಿ ನನಗೆ ಫೋನ್ ಮಾಡಲು ಸಂಕೋಚಪಟ್ಟು, ಅತ್ತಿಗೆ ಮೊದಲ ಬಾರಿಗೆ ತಾನೇ ಆ್ಯಪಿನಲ್ಲಿರುವ ತುರ್ತಿನ ಕೆಂಪು ಗುಂಡಿ ಒತ್ತಿದಳು. ನಾನು ಅರ್ಧ ಬಾಗಿಲು ಎಳೆದು ಓಡಿದೆ.

ಅವತ್ತಿನಿಂದ ಹಸಿರು ಕಂಡರೆ ನನಗೆ ಭಯ. ಉಳಿದ ಅರವತ್ತು ಜನರದ್ದು ನಿಜವೋ ಸುಳ್ಳೋ ಯಾರಿಗೆ ಗೊತ್ತು. ಹೋದ ವಾರದಿಂದ ದಿನಕ್ಕೆ ಐದಾರು ಮನೆಯ ಹಾಗೆ ಹೋಗಿ ಪಟ್ಟಿ ತೋರಿಸಿ ಎನ್ನುತ್ತಿದ್ದೇನೆ. ಒಬ್ಬ ಟ್ಯಾಕ್ಸಿ ಚಾಲಕರ ಲೆಕ್ಕ ಒಂದೂ ತಪ್ಪಿರಲಿಲ್ಲ. ನಾನೇನು ಕಳ್ಳನಾ ಎಂದು ಮುಖ ತಿರುಗಿಸಿದರು, ಕ್ಷಮೆ ಕೇಳಿ ಬಂದೆ. ನಮಗೆ ಶಾಲೆಯಲ್ಲಿ ಕವಾಯತು ಮಾಡಿಸುತ್ತಿದ್ದ ಪೀಪಿ ಮೇಷ್ಟ್ರು ಇದ್ದಾರಲ್ಲ, ಅವರ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ಒಡೆಯದ ಪಟ್ಟಿಗಳು. ತೊಂಬತ್ತು ದಿನ ಹಸಿರು ಒತ್ತಿದ್ದಾರೆ. ಅಲ್ಲೇ ಕುರ್ಚಿಯಲ್ಲಿ ಕೂತೆ. ಅವರೋ ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯ ಹಾಗೆ ನಿಂತಿದ್ದರು.

“ನೀನು ಪ್ರತಿ ಭಾನುವಾರ ಶಭಾಷ್ ಅಂತ ಕಳಿಸ್ತೀಯಲ್ಲಮ್ಮ. ಅದು ನಿಂತ್ಹೋಗುತ್ತೆ ಅಂತ ಒತ್ತಿಬಿಡ್ತಿದ್ದೆ.”

ಅವರ ಅಂಕಿಯೂ ಕಡಿಮೆಯಿತ್ತು, ಪ್ರಮಾಣ ಹೆಚ್ಚಿಸಿ ಎಂಬ ನನ್ನ ಟಿಪ್ಪಣಿ ಆಗಲೇ ಸಿದ್ಧವಾಗಿತ್ತು, ಕಳಿಸುವುದೊಂದೇ ಬಾಕಿ. ಇನ್ನೂ ಇಪ್ಪತ್ತೆರಡು ಮನೆ ಉಳಿದಿವೆ.

ಡಾಕ್ಟರಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅವರು ಎರಡು ಸಲ ಓದಿ, ತಾವೂ ಹಸಿರನ್ನೇ ನಂಬಿದ್ದಾಗಿ ಹೇಳಿದರು. ಮೇಲಿನವರು ಕೇಳಿದರೆ ನಾನು ಉತ್ತರ ಕೊಡಬೇಕಾಗುತ್ತದೆ, ಕೊಡುತ್ತೇನೆ. ನನಗೆ ಅದಕ್ಕಿಂತ ನಿನ್ನದೇ ಹೆದರಿಕೆ.

ಈಗ ನಿನ್ನಲ್ಲಿ ಒಂದು ಬೇಡಿಕೆ. ಎಂಟಕ್ಕೆ ಮತ್ತೆ ಫೋನ್ ಮಾಡು. ನಾನು ಎದುರಿಗೆ ನಿಂತು ನುಂಗಿಸಿದರೂ ಅವಳು ಫೋನಿನ ಕಡೆಗೇ ಕಿವಿ ಕೊಟ್ಟಿರುತ್ತಾಳೆ, ನನ್ನಿಂದ ಆಗುವ ಕೆಲಸವಲ್ಲ ಇದು. ಆದರೆ ತಗೊಂಡ್ಯಾ ಎಂದು ಕೇಳಬೇಡ, ಹೂಂ ಎಂಬುದನ್ನು ನಂಬಲೂ ಬೇಡ. ವಿಡಿಯೋದಲ್ಲಿ ಮಾಡು. ಡಾಕ್ಟರು ಈಗ ಮತ್ತೆ ಮೂರಕ್ಕೇ ಇಳಿಸಿದ್ದಾರೆ, ಆ ಮೂರು ಮಾತ್ರೆ ಅಂಗೈಯಲ್ಲಿ ತೋರಿಸಲಿ, ನೀರು ಕುಡಿಯಲಿ, ಖಾಲಿ ಪಟ್ಟಿ ತೋರಿಸಲಿ. ನಿನ್ನ ನಂಬರು ಮತ್ತೆ ಸೇರಿಸಿಡುತ್ತೇನೆ, ಆಮೇಲೆ ಒತ್ತು. ಅಲ್ಲಿಯವರೆಗೆ ಸೂಜಿ ಕೆಳಗಿಡು ಎಂದು ಬಯ್ಯಿ, ನನ್ನ ಮಾತು ಕೇಳದವಳು ನಿನ್ನ ಬಯ್ಗುಳಕ್ಕೆ ಕಾಯುತ್ತಾಳೆ. ಸೋಮವಾರ ಮತ್ತೆ ರಕ್ತ ಪರೀಕ್ಷೆ ಇದೆ. ಅಷ್ಟರಲ್ಲಿ ಅಂಕಿ ಮೇಲೇರದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದಾರೆ. ಈ ಕಾಗದ ಶುಕ್ರವಾರ ನಿನ್ನ ಕೈ ಸೇರಬೇಕು. ಸೇರಿದ ಸಂಜೆಯೇ ಮಾಡು.

ಸುರಂಗದೊಳಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡ. ನೀನು, ಅತ್ತಿಗೆ ಇಬ್ಬರೂ ನೂರು ಕಾಲ ಚೆನ್ನಾಗಿರಬೇಕು. ಚಿಕ್ಕವಳು ಹರಸಬಾರದು ಎನ್ನುತ್ತಾರೆ, ಆದರೂ ಹರಸುತ್ತೇನೆ. ನೀನು ನನ್ನನ್ನು ಹರಸುವುದು ಬಿಡುವುದು ನಿನ್ನ ಇಷ್ಟ.

ನಿನ್ನ ತಂಗಿ,
ಗುಳಿಗೆ
(ನೀನಿಟ್ಟ ಹೆಸರು, ಇನ್ನೂ ಹಾಗೆ ಕರೆಯುತ್ತೀಯೋ ಇಲ್ಲವೋ)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬಸ್ಸು ಹೊರಡುವ ಮುಂಚೆ ನೀನು ನನ್ನ ಕೈ ಹಿಡಿದು, “ನಾನೇ ಮರೆತು ಒಂದಿನ ಎರಡು ಸಲ ಕೊಟ್ಟಿರಬಹುದಾ” ಎಂದು ಕೇಳಿದೆ. ನಾನು, “ಇರಬಹುದು ಅಣ್ಣ, ಬೇಕು ಅಂತ ಮಾಡಿಲ್ವಲ್ಲ, ಬಿಡು” ಎಂದೆ. ಅವಳನ್ನು ಆಸ್ಪತ್ರೆಗೆ ಸೇರಿಸಿದ ಸಂಜೆಯೇ ನಾನು ನಿಮ್ಮ ಮನೆಗೆ ಹೋಗಿ, ರಜೆಯಲ್ಲಿ ನೀನು ಒಡೆದ ಪಟ್ಟಿಗಳನ್ನು ಎಣಿಸಿದ್ದೆ. ಹನ್ನೆರಡು ದಿನ, ದಿನಕ್ಕೆ ಐದು. ಆರು ಪಟ್ಟಿಗಳಲ್ಲಿ ಅರವತ್ತು ತೂತು, ಏಳನೆಯದನ್ನು ನೀನು ಮುಟ್ಟೇ ಇರಲಿಲ್ಲ. ಒಂದೂ ಹೆಚ್ಚು ಕೊಟ್ಟಿಲ್ಲ, ಒಂದೂ ಕಡಿಮೆ ಕೊಟ್ಟಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಹಾಗೇ ಬಸ್ಸು ಹತ್ತಿಸಿದೆ.