ಸಾತಪ್ಪನ ನಾಳದ ಉರಿ

ನಿಪ್ಪಾಣಿ, ಫೆಬ್ರವರಿ ೩೦, ೨೨೧೪

ಎಷ್ಟೋ ತಲೆಮಾರು ಹಿಂದಿರುವ ನನ್ನ ಹಿರಿಯರಿಗೆ ಗುರುದೇವಿಯ ಶರಣು.

ತಾರೀಖು ತಪ್ಪೆಂದು ಪತ್ರವನ್ನು ಹರಿದು ಎಸೆಯಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆಯನ್ನು ಒಬ್ಬರು ಬದುಕಿನಲ್ಲಿ ಒಮ್ಮೆ ಮಾತ್ರ ಬಳಸಬಹುದು, ನನ್ನ ಸರದಿಯನ್ನು ಒಡಹುಟ್ಟಿದ ತಮ್ಮ ಸಾತಪ್ಪನಿಗಾಗಿ ಬಳಸುತ್ತಿದ್ದೇನೆ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಎಡವಿದ ಕಡೆ ಹೊಟ್ಟೆಗೆ ಹಾಕಿಕೊಳ್ಳಿ.

ಅವನ ಕಾಯಿಲೆ ನಿಮ್ಮಲ್ಲಿ ಹುಟ್ಟುವುದು ಹೀಗೆ: ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆಗೆ ಬಿಳಿಯ ರಕ್ತಕಣಗಳು ನುಗ್ಗಿ ಉರಿಯೂತ ಎಬ್ಬಿಸುತ್ತವೆ, ಅದಕ್ಕೆ ಬಿಗಿ ಕೊಡುವ ಎಳೆಗಳನ್ನು ತಿಂದುಹಾಕುತ್ತವೆ. ಗೋಡೆ ಸಡಿಲಾಗಿ ಉಬ್ಬುತ್ತದೆ. ನೋವಿರುವುದಿಲ್ಲ, ಹಾಗಾಗಿ ಬಹಳ ಜನಕ್ಕೆ ಗೊತ್ತಾಗುವುದು ಅದು ಒಡೆದ ದಿನವೇ. ನೀವು ಬೀಡಿ ಸೇದಿ ಈ ಉರಿಗೆ ಗಾಳಿ ಹಾಕಿದಿರಿ. ನಿಮ್ಮ ನಂತರದವರು ಉರಿಯೂತವನ್ನೇ ಬುಡಸಮೇತ ಆರಿಸುವ ಮದ್ದು ಕಂಡುಹಿಡಿದರು. ಅದರ ಹೆಸರು ತಣಿಪು. ಕೂಸಿನ ನಾಲಿಗೆಗೆ ಒಂದು ಹನಿ ಬಿಟ್ಟರೆ ಸಾಯುವ ತನಕ ಅದು ಮೈಯಲ್ಲೇ ಇರುತ್ತದೆ. ಜೊತೆಗೆ ಕಾವುಗನ್ನಡಿ ಬಂತು. ಹೊಟ್ಟೆಯ ಮೇಲೆ ಹಿಡಿದರೆ ಉರಿಯೂತ ಇದ್ದಲ್ಲಿ ಕೆಂಪು, ಇಲ್ಲದಿದ್ದರೆ ನೀಲಿ. ಅರವತ್ತು ತುಂಬಿದವರಿಗೆ ಎಲ್ಲರೆದುರು ಕನ್ನಡಿ ಹಿಡಿದು, ನೀಲಿ ಕಂಡರೆ ಮೊಸರು ಬುತ್ತಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಬಡಿಸುವುದು ನಮ್ಮ ಪದ್ಧತಿ. ಅದನ್ನು ತಂಪುಬುತ್ತಿ ಎನ್ನುತ್ತೇವೆ.

ಸಾತಪ್ಪನ ಕನ್ನಡಿಯಲ್ಲೂ ಅಪ್ಪಟ ನೀಲಿ. ಎಲ್ಲರೂ ಉಂಡೆವು. ಒಬ್ಬರಾದರೂ ಅವನ ಹೊಟ್ಟೆ ಮುಟ್ಟಿ ನೋಡಲಿಲ್ಲ. ಎಂಥ ಮಂಕು ಬಡಿದಿತ್ತು ನಮಗೆ! ಕನ್ನಡಿ ತೋರಿಸುವುದು ಕಾವನ್ನು, ನಾಳದ ಅಗಲವನ್ನಲ್ಲ. ಅಗಲ ಅಳೆಯುವ ನಿಮ್ಮ ಸ್ಕ್ಯಾನಿಂಗ್ ಯಂತ್ರಗಳನ್ನು ನಾವು ಎಂದೋ ಗುಜರಿಗೆ ಹಾಕಿದ್ದೆವು. ತಣಿಪು ಗೋಡೆಯಿಂದ ಓಡಿಸಿದ ಬಿಳಿಯ ಕಣಗಳಲ್ಲಿ ಗೋಡೆಯನ್ನು ರಿಪೇರಿ ಮಾಡುವವೂ ಇದ್ದವಂತೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಜನ ನಾವು. ರಿಪೇರಿ ಇಲ್ಲದ ನಾಳ ತಣ್ಣಗೆ ಸವೆಯುತ್ತ ಹೋಯಿತು.

ಹೋದ ವಾರ ಬೆನ್ನು ನೋವೆಂದು ಬೆನ್ನಿಗೂ ಹೊಟ್ಟೆಗೂ ಎಣ್ಣೆ ತಿಕ್ಕುವಾಗ ಅವನ ಹೊಕ್ಕುಳ ಮೇಲೆ ಉಬ್ಬು ಬಡಿದುಕೊಳ್ಳುತ್ತಿರುವುದು ನನ್ನ ಕೈಗೆ ಸಿಕ್ಕಿತು. ಡಾಕ್ಟರಮ್ಮ ಅದನ್ನು ಮುಟ್ಟಿ ನೋಡಿದವರೇ ತಲೆ ತಗ್ಗಿಸಿದರು. “ಒಳಗ ಕೊಳವಿ ಕೂಡ್ರಸಬಹುದ್ರಿ ಅಕ್ಕಾರ. ಆದ್ರ ಕೊಯ್ದ ಗಾಯ ಮಾಯೂದಿಲ್ಲ,” ಎಂದರು. ಮಾಯಬೇಕಾದರೂ ಒಂದಿಷ್ಟು ಉರಿಯೂತ ಬೇಕು. ಕಾಯಿಪಲ್ಲೆ ಹೆಚ್ಚುವಾಗ ಬೆರಳು ಕೊಯ್ದರೆ ನಾವು ಗಾಯದಂಟು ಹಚ್ಚಿಕೊಂಡು ಹೇಗೋ ಬದುಕುತ್ತೇವೆ. ಇಷ್ಟು ದೊಡ್ಡ ಗಾಯಕ್ಕೆ ಅಂಟಿಲ್ಲ. ಅವನು ಉಳಿಯುವುದಿಲ್ಲ. ಬರೆಯಲು ಕೈ ಬರುತ್ತಿಲ್ಲ, ಆದರೂ ನಿಜ ಅದೇ.

ಸಾತಪ್ಪ ಓಣಿಗೆಲ್ಲ ನಗೆಮಾತಿನವನು. ಜೋರಾಗಿ ನಕ್ಕರೆ ನಾಳ ಒಡೆದೀತೆಂದು ಹೆದರಿ ಅವನನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿದ್ದೆ. ಈ ಬೆಳಗ್ಗೆ ಅವನು ನನ್ನ ಕೈ ಹಿಡಿದುಕೊಂಡ. “ಅಕ್ಕಾ, ಹಿಂಗ ಗ್ವಾಡಿ ನೋಡ್ಕೊಂತ ಎಷ್ಟ್ ದಿನ ಕೂಡ್ಲಿ? ನಾಕ್ ಮಂದಿ ಕೂಡ ನಕ್ಕೊಂತ ಹೋಗ್ತೀನಿ, ಓಣ್ಯಾಗಿನವ್ರನ್ನ ಕರಿ,” ಎಂದ. ಓಣಿಯವರಿಗೆಲ್ಲ ಹೇಳಿ ಕಳಿಸಿದ್ದೇನೆ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಬೀಡಿ ಬಿಡಿ. ವಯಸ್ಸಾದವರ ಹೊಟ್ಟೆಯ ನಾಳವನ್ನು ಅಳೆಸಿ. ಯಾವ ಕಣ ಗೋಡೆ ಕೆಡವುತ್ತದೆ, ಯಾವುದು ಕಟ್ಟುತ್ತದೆ ಎಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಆರಿಸಲು ಹೋಗಬೇಡಿ. ನೀವು ಕೇಳುತ್ತೀರೆಂಬ ನಂಬಿಕೆ ನನಗಿಲ್ಲ. ಕೇಳಿದ್ದರೆ ನನ್ನ ತಮ್ಮ ಹೀಗೆ ಕೂತಿರುತ್ತಿರಲಿಲ್ಲ.

ಹೊರಗೆ ಚಪ್ಪಲಿ ಬಿಡುವ ಸದ್ದಾಗುತ್ತಿದೆ. ಸಾತಪ್ಪ ಅಂಗಿ ಬದಲಿಸಿ ತಲೆ ಬಾಚಿಕೊಂಡು ಕೂತಿದ್ದಾನೆ. ನಾನು ಎದ್ದು ಬಾಗಿಲು ತೆಗೆಯಬೇಕು.