ಹಗಲು ನಿದ್ದೆ ಮತ್ತು ಒಂದು ಬೀಪ್

ಮಾರ್ಚ್ ೩, ರಾತ್ರಿ

ಇವತ್ತೂ ಅದೇ. ಹೆಂಡತಿ ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದಳು, ಸ್ನಾನ, ಎರಡು ತುತ್ತು, ಮಂಚ. ಮಂಚವೂ ನನ್ನ ಕಂಪ್ಯೂಟರ್ ಮೇಜೂ ಒಂದೇ ಕೋಣೆಯಲ್ಲಿ. ನಡುವೆ ಬಟ್ಟೆಯ ಬೀರು. ಅದೇ ನಮ್ಮ ಗೋಡೆ. ಹೊರಕೋಣೆಯಲ್ಲಿ ಅತ್ತೆಯ ಹೊಲಿಗೆ ಮಿಷನ್, ಅಡುಗೆಮನೆಯಲ್ಲಿ ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ. ಮೇಜನ್ನು ಎಲ್ಲಿಗೆ ಒಯ್ಯಲಿ.

ಹೆಡ್‌ಫೋನ್ ಏರಿಸಿ ಕೂತೆ. ಯಾರೋ ಮೇಷ್ಟರು ಮಣ್ಣಿನ ತೇವಾಂಶದ ಬಗ್ಗೆ ಪಾಠ ಮಾಡಿದ್ದಾರೆ. ವಿಡಿಯೋದ ಅಡಿಯಲ್ಲಿ ಓಡುವ ಅಕ್ಷರ ಟೈಪ್ ಮಾಡುವುದು ನನ್ನ ಕೆಲಸ. ಒಂದು ಸಾಲಿಗೆ ಇಷ್ಟೇ ಅಕ್ಷರ ಎಂದು ನಿಯಮ. ಮೀರಿದರೆ ಕಂಪ್ಯೂಟರ್ ಬೀಪ್ ಎನ್ನುತ್ತದೆ. ಮೇಷ್ಟರು ಉಸಿರು ಬಿಡದೆ ಮಾತಾಡುವವರು... ಎಷ್ಟು ಸಲ ಕೂಗಿತೋ, ನನ್ನ ಕಿವಿಯಲ್ಲಿ ಮೇಷ್ಟರೇ ತುಂಬಿದ್ದರು.

ತಲೆ ಎತ್ತಿದರೆ ಇವಳು ಪಕ್ಕದಲ್ಲಿ. ಕಣ್ಣು ತೆರೆದಿದೆ, ಎಚ್ಚರವಿಲ್ಲ. ಸಿಪಿಯು ಡಬ್ಬದ ಮೇಲೆ ಕೈಯಾಡಿಸಿ ಗುಂಡಿ ಹುಡುಕುತ್ತಿದ್ದಾಳೆ. ಐಸಿಯುನಲ್ಲಿ ಔಷಧಿ ಪಂಪು ಕೂಗಿದರೆ ಅದುಮುವ ಗುಂಡಿ.

"ಕೈ ಮಡಚ್ಬೇಡಿ ಅಜ್ಜಾ, ಲೈನ್ ಬ್ಲಾಕ್ ಆಗುತ್ತೆ" ಎಂದಳು ನನಗೆ.

ಕೈ ನೆಟ್ಟಗೆ ಚಾಚಿ ಕೂತೆ. ಇನ್ನೇನು ಮಾಡಲಿ. ಸಮಾಧಾನವಾಗಿ ಹೋಗಿ ಮಲಗಿದಳು.

ಸಂಜೆ ಹೇಳಿದರೆ ನಂಬಲೇ ಇಲ್ಲ. ನಕ್ಕಳು. ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು. ವಾರ್ಡಿನಲ್ಲಿ ಜನ ಕಡಿಮೆ, ಒಬ್ಬಳ ಮೈಮೇಲೆ ಇಬ್ಬರ ಕೆಲಸ.

ಮಾರ್ಚ್ ೪

ವಾಲ್ಯೂಮ್ ಪೂರ್ತಿ ಇಳಿಸಿದೆ. ಪಾಠ ನಿಂತಿತು, ಬೀಪ್ ನಿಲ್ಲಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ, ಎಲ್ಲ ಸದ್ದೂ ಬೇಡ ಎಂದು ಆರಿಸಿದೆ. ಓಕೆ ಕೊಟ್ಟೆ. ಸರಿಯಪ್ಪಾ ಎಂದು ಕೂತೆ.

ಅತ್ತೆ ಒಳಗೆ ಇಣುಕಿದರು. "ನಿನ್ನ ಪೆಟ್ಟಿಗೆ ಕೂಗ್ತಾನೇ ಇದೆ ಕಣಪ್ಪಾ. ಕಿವಿಗೆ ಆ ಬಟ್ಟಲು ಕವುಚ್ಕೊಂಡು ಕೂತ್ರೆ ನಿಂಗೆಲ್ಲಿ ಕೇಳ್ಬೇಕು?"

ಹೆಡ್‌ಫೋನ್ ತೆಗೆದೆ. ಹೌದು, ಕೂಗುತ್ತಿದೆ. ಯಾರ ಅಪ್ಪಣೆಯೂ ಬೇಕಿಲ್ಲದ ಹಾಗೆ.

ಮಾರ್ಚ್ ೬, ಮಧ್ಯಾಹ್ನ

ರಿಪೇರಿಯವನಿಗೆ ಫೋನ್. ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದೆ.

"ಯಾಕೆ ಸಾರ್ ಕಳ್ಳರ ಥರ ಮಾತಾಡ್ತಿದೀರಾ?"

"ಮನೇಲಿ ಮಲಗಿದಾರೆ. ಬೀಪ್ ಎಲ್ಲಿಂದ ಬರ್ತಿದೆ ಹೇಳಿ."

"ಅದು ಬೋರ್ಡಿಗೇ ಅಂಟಿಸಿರೋ ಪುಟಾಣಿ ಸ್ಪೀಕರ್. ನಿಮ್ಮ ವಾಲ್ಯೂಮಿಗೆಲ್ಲ ಅದು ಸೊಪ್ಪು ಹಾಕಲ್ಲ. ಡಿವೈಸ್ ಪಟ್ಟಿ ತೆಗೀರಿ, ಅಡಗಿರೋದನ್ನೂ ತೋರ್ಸು ಅನ್ನಿ. ಬೀಪ್ ಅಂತಾನೇ ಒಂದು ಹೆಸರಿರುತ್ತೆ. ಡಿಸೇಬಲ್ ಮಾಡಿ."

ಇತ್ತು. ಬಚ್ಚಿಟ್ಟುಕೊಂಡಿತ್ತು, ಬಡ್ಡೀಮಗಂದು. ಡಿಸೇಬಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಏಳುವಾಗಲೇ ಒಮ್ಮೆ ಬೀಪ್ ಎಂದು ಎದ್ದಿತು. ಬೀರುವಿನ ಆಚೆ ಮಂಚ ಕಿರುಗುಟ್ಟಿತು. ಉಸಿರು ಬಿಗಿಹಿಡಿದು ಕೂತೆ... ಎದ್ದು ಬರಲಿಲ್ಲ. ಸ್ಕ್ರೂ ಬಿಚ್ಚಿದೆ, ಮುಚ್ಚಳ ತೆಗೆದೆ, ಸ್ಪೀಕರಿನ ವೈರನ್ನೇ ಕಿತ್ತೆ. ಈಗ ಕೂಗು ನೋಡೋಣ.

ಮಾರ್ಚ್ ೭

ಇವಳು ಮಧ್ಯಾಹ್ನದವರೆಗೆ ಮಲಗಿದಳು. ಒಂದೇ ನಿದ್ದೆ. ಎದ್ದು ಬಿಸಿಬಿಸಿ ಚಹಾ ಕೇಳಿದಳು. ಏನೋ ದೊಡ್ಡದು ಗೆದ್ದ ಹಾಗಾಯಿತು ನನಗೆ.

ಆಫೀಸಿನಿಂದ ಮೇಲ್: ಸಾಲುಗಳು ಉದ್ದವಾಗಿವೆ, ತಿದ್ದಿ ಕಳಿಸಿ. ಬೀಪ್ ಇಲ್ಲದೆ ಅಳತೆ ತಿಳಿಯುತ್ತಿಲ್ಲ. ಪರವಾಗಿಲ್ಲ. ಕಣ್ಣಿನಲ್ಲೇ ಅಳೆಯುತ್ತೇನೆ.

ಮಾರ್ಚ್ ೯

ಕರೆಂಟ್ ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಚೀರಿತು. ಅದರ ನೆನಪೇ ಇರಲಿಲ್ಲ ನನಗೆ.

ಇವಳು ಮಂಚದಿಂದ ಹಾರಿ ಬಂದಳು. "ಯಾವ ಬೆಡ್ಡು? ಯಾವ ಬೆಡ್ಡು?" ಬೀರುವಿಗೆ ಮೊಣಕಾಲು ಬಡಿದು ಕೂತುಬಿಟ್ಟಳು. ಆಗ ಎಚ್ಚರವಾಯಿತು. ನೆಲದ ಮೇಲೆ ಕೂತೇ ಅತ್ತಳು. ಕಾಲು ನೋವಿಗಲ್ಲ, ಸುಸ್ತಿಗೆ. ಅತ್ತೆ ಬಂದು ಸೆರಗಿನಿಂದ ಅವಳ ಮುಖ ಒರೆಸಿದರು.

ಆಮೇಲೆ ನನಗೆ, ಮೆಲ್ಲಗೆ: "ಕೆಲ್ಸ ಬಿಡ್ಸು ಅನ್ನಲ್ಲಪ್ಪ ನಾನು. ಅವಳ್ನ ಒಂದ್ ವಾರ ಮಲಗ್ಸು, ಸಾಕು."

ಸಂಜೆ ಯುಪಿಎಸ್ ಬಿಚ್ಚಿ ಅದರ ಬಾಯಿಯನ್ನೂ ಕಿತ್ತೆ. ಅಡುಗೆಮನೆಯ ಟೈಮರಿನ ಬ್ಯಾಟರಿ ತೆಗೆದೆ. ಕಾಲಿಂಗ್ ಬೆಲ್ ವೈರ್ ಬಿಚ್ಚಿದೆ. ನನ್ನ ಫೋನ್, ಅತ್ತೆಯ ಫೋನ್, ಎಲ್ಲ ಮೂಕ.

ಮಾರ್ಚ್ ೧೮

ಬರೆಯಲು ಏನೂ ಇರಲಿಲ್ಲ. ಮನೆ ಎಷ್ಟು ನಿಶ್ಶಬ್ದ ಎಂದರೆ ಅತ್ತೆ ಕತ್ತರಿ ಕೆಳಗಿಟ್ಟರೂ ಕೇಳುತ್ತದೆ. ಕೊರಿಯರ್‌ನವನು ಬೆಲ್ ಒತ್ತಿ ಒತ್ತಿ ಹೊರಟುಹೋದನಂತೆ. ಹೋಗಲಿ.

ಇವಳು ಮಲಗುತ್ತಾಳೆ. ಕೊರಡಿನ ಹಾಗೆ. ಆದರೆ ಎದ್ದಾಗ ಮಲಗಿ ಎದ್ದವಳ ಮುಖವಲ್ಲ. ರಜೆ ಕೇಳು ಎಂದೆ. "ಯಾರನ್ನ ನಿಲ್ಸಿ ಬರ್ಲಿ?" ಎಂದಳು.

ಮಾರ್ಚ್ ೨೦, ಬೆಳಿಗ್ಗೆ

ಬಂದವಳು ಸ್ನಾನಕ್ಕೆ ಹೋಗಲಿಲ್ಲ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ನನ್ನ ಕುರ್ಚಿಯ ಪಕ್ಕ ಸ್ಟೂಲಿನಲ್ಲಿ ಕೂತಳು. ನಾನು ಹೆಡ್‌ಫೋನ್ ತೆಗೆಯುವ ತನಕ ಕಾದಳು.

"ರಾತ್ರಿ ಪಂಪು ಕೂಗ್ತಿತ್ತು" ಎಂದಳು. "ಕಿಟಕಿ ಪಕ್ಕದ ಅಜ್ಜಂದು. ಕೇಳಿಸ್ತು ನಂಗೆ. ಚೆನ್ನಾಗೇ ಕೇಳಿಸ್ತು."

"ಹೂಂ?"

"ಎದ್ದೇಳ್ಲಿಲ್ಲ. ನಮ್ಮನೆ ಕಂಪ್ಯೂಟರ್ ಅಂದ್ಕೊಂಡೆ. ನೀನು ಆಫ್ ಮಾಡ್ತೀಯ ಅಂತ ಕಾಯ್ತಾ ಕೂತಿದ್ದೆ."

ಕೈಯಲ್ಲಿದ್ದ ಹೆಡ್‌ಫೋನ್ ಮೇಜಿನ ಮೇಲಿಟ್ಟೆ.

ಆಚೆ ಸಾಲಿನ ನರ್ಸ್ ಓಡಿ ಬಂದು ನೋಡಿದಳಂತೆ. ಔಷಧಿ ನಿಂತುಹೋಗಿತ್ತು, ಬಿಪಿ ಇಳಿಯಲು ಶುರುವಾಗಿತ್ತು. ಸರಿಹೋಯಿತು. ಅಜ್ಜನಿಗೆ ಏನೂ ಆಗಲಿಲ್ಲ. ಇವಳು ಬಾತ್‌ರೂಮಿಗೆ ಹೋಗಿದ್ದಳು ಎಂದು ಆ ನರ್ಸ್ ತಿಳಿದಿದ್ದಾಳೆ.

ನಾನು ಕೇಳಿದ ಮೊದಲ ಮಾತು — "ಹಾಗಾದ್ರೆ ಯಾರಿಗೂ ಗೊತ್ತಿಲ್ವಾ?" ಬರೆಯಲು ನಾಚಿಕೆಯಾಗುತ್ತದೆ. ಅಜ್ಜ ಹೇಗಿದ್ದಾನೆ ಎಂದಲ್ಲ, ನೀನು ಹೇಗಿದ್ದೀಯ ಎಂದೂ ಅಲ್ಲ.

"ಇಲ್ಲ" ಎಂದಳು.

"ಮತ್ತೆ ಬಾಯಿ ಬಿಡ್ಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ನರ್ಸ್ ಲೈಸೆನ್ಸೇ ಹೋಗ್ಬಹುದು. ಸುಮ್ನಿದ್ಬಿಡು."

ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲ.

"ನನ್ನೂ ಮ್ಯೂಟ್ ಮಾಡ್ತೀಯಾ?"

ಮಾರ್ಚ್ ೨೧

ನಿನ್ನೆ ರಾತ್ರಿ ಇವಳಿಗೆ ವಾರದ ರಜೆ ಇತ್ತು. ಒಂದೇ ಕೋಣೆಯಲ್ಲಿ ಬೀರುವಿನ ಆ ಕಡೆ ಅವಳು, ಈ ಕಡೆ ನಾನು. ಅವಳು ನಿದ್ದೆ ಮಾಡಲಿಲ್ಲ, ಮಗ್ಗುಲು ಬದಲಿಸುವುದು ಕೇಳುತ್ತಿತ್ತು. ಟೈಪ್ ಮಾಡುವ ಹಾಗೆ ನಟಿಸಿದೆ.

ಸಂಜೆ ಡ್ಯೂಟಿಗೆ ಸಿದ್ಧವಾಗಿ ಬಾಗಿಲವರೆಗೆ ಹೋದಳು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಳು. ವಾಪಸ್ ಬಂದು ಕೂತು, ಮೈ ಸರಿಯಿಲ್ಲ ಎಂದು ಆಸ್ಪತ್ರೆಗೆ ಫೋನ್ ಮಾಡಿದಳು.

"ಹೇಳ್ದೆ ಹೋಗಿ ಆ ಅಜ್ಜನ ಪಕ್ಕ ನಿಲ್ಲಕ್ಕಾಗಲ್ಲ ನಂಗೆ. ಇನ್ನೊಂದ್ ಸಲ ಹಾಗೇ ಆದ್ರೆ?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದವರು ನಿಲ್ಲಿಸಿದರು. ನನ್ನ ಕಡೆ ನೋಡಿದರು. ನಾನೇ ಹೇಳಬೇಕಿತ್ತು.

"ಬೆಳಿಗ್ಗೆ ನಾನೂ ಬರ್ತೀನಿ" ಎಂದೆ. ಹೇಳಲು ಇಡೀ ದಿನ ಹಿಡಿಯಿತು.

ಮಾರ್ಚ್ ೨೨

ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಅವರ ಕೋಣೆಯ ಹೊರಗೆ ಬೆಂಚು. ಎದುರಿಗೇ ಐಸಿಯು ಬಾಗಿಲು. ಯಾರಾದರೂ ತೆರೆದಾಗಲೆಲ್ಲ ಒಳಗಿನ ಸದ್ದು ಹೊರಗೆ ಸುರಿಯುತ್ತಿತ್ತು. ಒಂದು ದಪ್ಪ, ಒಂದು ಸಣ್ಣ, ಒಂದು ನಿಲ್ಲದೆ. ಯಾವುದು ಯಾರದು ಎಂದು ನನಗೆ ತಿಳಿಯಲಿಲ್ಲ. ಕೂತಷ್ಟು ಹೊತ್ತಿಗೇ ತಲೆ ಚಿಟ್ಟು ಹಿಡಿಯಿತು. ಇವಳು ಇದರೊಳಗೇ ವರ್ಷಗಟ್ಟಲೆ. ನಾನು ಮನೆಯಲ್ಲಿ ಒಂದು ಬೀಪ್ ಕಿತ್ತು ಬೀಗುತ್ತಿದ್ದೆ.

ಹೊರಬಂದಳು. ನಡೆದದ್ದನ್ನು ಬರೆದು ಸಹಿ ಹಾಕಿ ಕೊಟ್ಟಳಂತೆ. ವಿಚಾರಣೆ ಮುಗಿಯುವವರೆಗೆ ಐಸಿಯು ಇಲ್ಲ, ಮನೆಯಲ್ಲೇ ಇರಬೇಕು. ಆಮೇಲೆ ಏನೋ ಗೊತ್ತಿಲ್ಲ.

"ಬೈದ್ರಾ?"

"ಇಲ್ಲ. ಸರಿಯಾಗಿ ನಿದ್ದೆ ಮಾಡಿದ್ದು ಯಾವತ್ತು ಅಂತ ಕೇಳಿದ್ರು." ಮೆಟ್ಟಿಲ ಬಳಿ ನಿಂತಳು. "ನೆನಪಾಗ್ಲಿಲ್ಲ."

ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟಳು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ ಇದ್ದೇ ಇದೆ. ಇದ್ದರೂ ನಿನ್ನೆಯಷ್ಟು ಭಾರವಿಲ್ಲ.

ಮಾರ್ಚ್ ೨೩, ಮಧ್ಯಾಹ್ನ

ಮಲಗಿದ್ದಾಳೆ. ಕುರ್ಚಿಯನ್ನು ಬೀರು ದಾಟಿಸಿ, ಮಂಚದ ಹತ್ತಿರ ಎಳೆದುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೇಷ್ಟರ ಪಾಠ ಬಾಕಿ ಇದೆ. ಇರಲಿ.

ಈಗ ಮೇಲಿನ ಮನೆಯ ವಾಷಿಂಗ್ ಮಿಷನ್ ಮುಗಿಯಿತು. ಬೀಪ್... ಬೀಪ್... ನಾನು ಕೀಳಲಾಗದ ಬೀಪ್. ಹೊದಿಕೆಯಿಂದ ಇವಳ ಕಾಲು ಹೊರಬಂತು. ಪಾದ ನೆಲ ಹುಡುಕಿತು. ಕಣ್ಣು ಮುಚ್ಚಿಯೇ ಇದೆ.

"ನೀನು ಮಲ್ಕೊ" ಎಂದೆ. "ನಾನು ನೋಡ್ತೀನಿ."

"ಯಾವ ಬೆಡ್ಡು?"

"ಯಾವುದಾದ್ರೂ ಇರ್ಲಿ. ಇದು ನನ್ನ ಡ್ಯೂಟಿ."

ಸ್ವಲ್ಪ ಹೊತ್ತು ಪಾದ ಹಾಗೇ ಇತ್ತು. ಆಮೇಲೆ ಹೊದಿಕೆಯೊಳಗೆ ಹೋಯಿತು. ಉಸಿರು ಭಾರವಾಯಿತು. ಮೇಲೆ ಮತ್ತೆ ಕೂಗುತ್ತಿದೆ, ಒಮ್ಮೆ ಹೋಗಿ ಅವರಿಗೆ ಸದ್ದು ನಿಲ್ಲಿಸಲು ಹೇಳಿ ಬರುತ್ತೇನೆ.