ಹಲ್ಲಿ ಸಾಕಿದ ಮನೆ

ನಂಜನಗೂಡು,
ಗುರುವಾರ, ೨೦ ನವೆಂಬರ್ ೨೦೨೫

ಅರ್ಪಿತಳ ಅಪ್ಪನವರಿಗೆ,

ಇಲ್ಲಿ ನಾನು, ಅತ್ತೆ, ಅರ್ಪಿತ ಮೂವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ, ಇದ್ದೇವೆ ಎಂದಷ್ಟೇ ತಿಳಿದುಕೊಳ್ಳಿ. ಈ ಕಾಲದಲ್ಲಿ ಕಾಗದ ಬರೆಯುವವಳು ಇವಳೊಬ್ಬಳೇ ಎಂದು ನಗಬೇಡಿ. ಫೋನು ಮಾಡಿದರೆ ನಾವಿಬ್ಬರೂ ಮೂರನೇ ಮಾತಿಗೆ ಕೂಗಾಡುತ್ತೇವೆ. ವಾಟ್ಸಾಪಿನಲ್ಲಿ ಬರೆದರೆ ನಿಮ್ಮ ಉತ್ತರವನ್ನು ನನಗಿಂತ ಮೊದಲು ನಿಮ್ಮ ಮಗಳು ಓದುತ್ತಾಳೆ. ಪಕ್ಕದ ಮನೆಯ ಮರಿಯಯ್ಯನವರು ದಿನಾ ಕೆಲಸಕ್ಕೆ ನೀವಿರುವ ತಿ. ನರಸೀಪುರಕ್ಕೆ ಬರುತ್ತಾರಲ್ಲ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಿಮ್ಮ ಅಂಗಡಿಗೇ ಹೋಗಿ ನಿಮ್ಮ ಕೈಗೇ ಕೊಡಬೇಕು, ಮನೆಗೆ ಬೇಡ ಎಂದು ಹೇಳಿದ್ದೇನೆ. ಇದನ್ನು ಸುನೀತಾ ಅವರು ಓದುವುದು ನನಗೆ ಬೇಕಿಲ್ಲ. ನಿಮ್ಮ ಜೊತೆ ಸಂಸಾರ ಮಾಡುತ್ತಿರುವುದು ಅವರೇ ಆದರೂ ಈ ವಿಷಯ ನಮ್ಮ ಮನೆಯದು.

ವಿಷಯ ಹಲ್ಲಿಯದೇ.

ಸೆಪ್ಟೆಂಬರಿನಲ್ಲಿ ಅರ್ಪಿತಳ ಹನ್ನೊಂದನೇ ಹುಟ್ಟುಹಬ್ಬಕ್ಕೆ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಗಾಜಿನ ಪೆಟ್ಟಿಗೆ ಸಮೇತ ಹಲ್ಲಿ ಕೊಡಿಸಿ, ನಮ್ಮ ಬೀದಿಯ ತುದಿಯಲ್ಲಿ ಇಳಿಸಿ ಹೋದಿರಿ. ಬಾಗಿಲವರೆಗೆ ಬಂದಿದ್ದರೆ ನಿಮ್ಮ ಅಮ್ಮನ ಮುಖ ನೋಡಬೇಕಾಗುತ್ತಿತ್ತು. ಈಗ ಮಗಳಿಗೆ ಫೋನಿನಲ್ಲಿ ಹೇಳಿದ್ದೀರಿ: “ಅಲ್ಲಿ ಸಾಕಕ್ಕಾಗಲ್ಲ ಅಂದ್ರೆ ಅದನ್ನೂ ಎತ್ಕೊಂಡು ನೀನೂ ಇಲ್ಲಿಗೇ ಬಂದ್ಬಿಡು ಮಗ, ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ, ಇಲ್ಲಿ ಯಾರೂ ಏನೂ ಅನ್ನಲ್ಲ.” ಹಲ್ಲಿ ಮನೆಯಲ್ಲಿ ಸಾಕುವಂಥ ಪ್ರಾಣಿಯೋ ಅಲ್ಲವೋ ಎಂಬ ಸಣ್ಣ ಪ್ರಶ್ನೆಗೆ ನನ್ನ ಮಗಳನ್ನೇ ಗಂಟು ಹಾಕಿದ್ದೀರಿ. ಭಾನುವಾರ ಬರುತ್ತೇನೆ, ಅಷ್ಟರೊಳಗೆ ತೀರ್ಮಾನ ಮಾಡಿಕೋ ಎಂದು ನನಗೆ ಹೇಳಿ ಕಳಿಸಿದ್ದೀರಿ. ತೀರ್ಮಾನ ಮಾಡಿದ್ದೇನೆ. ಆದರೆ ಅದಕ್ಕೆ ಮೊದಲು ಇಲ್ಲಿ ಏನು ನಡೆಯಿತು ಎಂಬುದನ್ನು ನೀವು ಓದಲೇಬೇಕು.

ಅದರ ಒಳ್ಳೆಯ ಗುಣಗಳನ್ನು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ನೀವು ಕೊಟ್ಟದ್ದಕ್ಕೆಲ್ಲ ಕೊಂಕು ತೆಗೆಯುತ್ತಾಳೆ ಎನ್ನುತ್ತೀರಿ. ಸದ್ದಿಲ್ಲ, ಗಲಾಟೆಯಿಲ್ಲ, ಹಾಲಿಗೆ ಬಾಯಿ ಹಾಕುವುದಿಲ್ಲ. ನಮ್ಮ ಗೋಡೆಯ ಹಲ್ಲಿಯ ಜಾತಿಯಲ್ಲ, ಗೋಡೆ ಹತ್ತಲು ಅದಕ್ಕೆ ಬರುವುದೇ ಇಲ್ಲ, ಹಾಗಾಗಿ ಸಾರಿನ ಪಾತ್ರೆಗೆ ಬೀಳುವ ಭಯವೂ ಇಲ್ಲ. ಬೆಲ್ಲದ ಬಣ್ಣದ ಮೈ, ಅದರ ಮೇಲೆ ಕಪ್ಪು ಚುಕ್ಕೆ, ಬೆರಳಿನಷ್ಟು ದಪ್ಪದ ಬಾಲ. ಅದಕ್ಕೇ ಅರ್ಪಿತ ಅದನ್ನು ಬೆಲ್ಲ ಎಂದು ಕರೆಯುತ್ತಾಳೆ. ಸಂಜೆ ಅವಳು ಅಂಗೈ ಚಾಚಿದರೆ ನಿಧಾನವಾಗಿ ಹತ್ತಿ ಬಂದು ಮುಂಗೈ ಮೇಲೆ ಮಲಗಿ ರೆಪ್ಪೆ ಮುಚ್ಚುತ್ತದೆ. ನೀವು ಹೋದ ಮೇಲೆ ಈ ಮೂರು ವರ್ಷ ಶಾಲೆಯಲ್ಲಿ ಏನಾಯಿತು ಎಂದು ಕೇಳಿದರೆ ‘ಏನಿಲ್ಲ’ ಎಂದು ಮುಖ ತಿರುಗಿಸುತ್ತಿದ್ದ ಹುಡುಗಿ, ಅದರ ಹತ್ತಿರ ಇಡೀ ದಿನದ ಕಥೆ ಹೇಳುತ್ತಾಳೆ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಯಾವ ಹುಡುಗಿ ಮಾತು ಬಿಟ್ಟಳು, ಯಾವ ಮಿಸ್ಸು ಬೈದರು, ಅಪ್ಪ ಯಾಕೆ ಬರಲ್ಲ ಎಂದು ಯಾರು ಕೇಳಿದರು, ಎಲ್ಲ ನನಗೀಗ ಗೊತ್ತು. ಹಲ್ಲಿಯಿಂದ ನನಗಾದ ಈ ಉಪಕಾರವನ್ನು ಇಲ್ಲವೆನ್ನಲಾರೆ.

ಹದಿನೈದು ಇಪ್ಪತ್ತು ವರ್ಷ ಬದುಕುತ್ತದಂತೆ. ಮೈಸೂರಿನ ಅಂಗಡಿಯವನು ಹಾಗೆಂದ ಎಂದು ಅರ್ಪಿತ ಕುಣಿದಾಡಿದಳು. ನಮ್ಮ ಸಂಸಾರಕ್ಕೇ ಅಷ್ಟು ಆಯಸ್ಸು ಇರಲಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಅತ್ತೆ ಮೊದಲ ದಿನವೇ ಬೇಡವೆಂದರು ಎಂದು ನೀವು ತಿಳಿದಿದ್ದರೆ ಅದು ತಪ್ಪು. ಅವರು ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಯಾವಾಗ ಲೊಚಗುಟ್ಟುತ್ತದೆ ಎಂದು ಕಾದರು. ನೆಲಕ್ಕೆ ಬೆರಳು ತಟ್ಟಿ ಶಿವ ಶಿವ ಅನ್ನಲು ತಯಾರಾಗಿಯೇ ಇದ್ದರು. ಅದು ಬಾಯಿ ಬಿಡಲಿಲ್ಲ. “ಒಳ್ಳೇದೂ ನುಡಿಯಲ್ಲ, ಕೆಟ್ಟದ್ದೂ ನುಡಿಯಲ್ಲ, ಪಾಪದ್ದು” ಎಂದು ಎದ್ದು ಹೋದರು. ಆದರೆ ನೀವು ಪೆಟ್ಟಿಗೆಯ ಜೊತೆ ಕಳಿಸಿದ್ದ ಡಬ್ಬಿಯನ್ನು ತೆರೆದು ನೋಡಿದರು, ಒಳಗೆ ಹುಳುಗಳು ಮಿಸುಕಾಡುತ್ತಿದ್ದವು. ಅವನ್ನು ಹಿತ್ತಿಲಿನ ನುಗ್ಗೆಮರದ ಬುಡಕ್ಕೆ ಸುರಿದು, ಬದುಕಿಕೊಳ್ಳಿ ಎಂದು ಕೈಮುಗಿದು ಬಂದರು.

ಅಲ್ಲಿಂದ ನಮ್ಮ ಹಲ್ಲಿ ಶಿವಾಚಾರಕ್ಕೆ ಸೇರಿತು. ಅತ್ತೆಯೇ ದಿನಾ ಎಡೆ ಇಡುತ್ತಿದ್ದರು. ಮೊಸರನ್ನ, ನೆನೆಸಿದ ಹೆಸರುಬೇಳೆ, ಹತ್ತಿರದ ಹೆಡತಲೆ ಊರಿನಿಂದ ಯಾರೋ ತಂದುಕೊಟ್ಟ ರಸಬಾಳೆಯ ಹಣ್ಣು ಕಿವುಚಿ ಒಂದು ಚೂರು. ತಾವು ತಿನ್ನದೆ ಅದಕ್ಕೆ ಎತ್ತಿಟ್ಟ ಹಣ್ಣು ಅದು. ಹಲ್ಲಿ ಅನ್ನದ ಮೇಲೆ ಕಾಲಿಟ್ಟು ಹಾದು ಹೋಗುತ್ತಿತ್ತೇ ಹೊರತು ಮೂಸಲಿಲ್ಲ. ರೂಢಿಯಾದರೆ ತಿನ್ನುತ್ತದೆ ಎಂದು ನಾನೂ ನಂಬಿದ್ದೆ. ನಮ್ಮ ಮನೆಗಳಲ್ಲಿ ಬೆಕ್ಕೂ ಹಾಲು ಅನ್ನದಲ್ಲೇ ಬೆಳೆಯುತ್ತದಲ್ಲ. ನೋಡನೋಡುತ್ತ ಅದರ ಬಾಲ ಸೊರಗಿ ಕಡ್ಡಿಯಾಯಿತು. ಅದರ ಅನ್ನವೆಲ್ಲ ಬಾಲದಲ್ಲೇ ಇರುತ್ತದೆ, ಬಾಲ ಖಾಲಿಯಾದರೆ ಸಾಯುತ್ತದೆ ಎಂದು ಅರ್ಪಿತ ಅಳತೊಡಗಿದಳು. ಮೈಸೂರಿನ ಅಂಗಡಿಗೆ ಫೋನು ಮಾಡಿ ಕೇಳಿದೆ. ಜೀವ ಇರುವ ಹುಳ ಬಿಟ್ಟು ಬೇರೇನನ್ನೂ ಅದು ತಿನ್ನುವುದಿಲ್ಲ ಎಂದರು. ನಮ್ಮಲ್ಲಿ ಇದು ನಡೆಯದು ಎಂದು ನಿಮಗೆ ಗೊತ್ತಿರಲಿಲ್ಲವೇ? ಇರುವೆಗೆ ಆಗಲಿ ಎಂದು ಇವತ್ತಿಗೂ ಅಕ್ಕಿಹಿಟ್ಟಿನಲ್ಲೇ ರಂಗೋಲಿ ಬಿಡುವ ಚನ್ನಾಜಮ್ಮನವರ ಮಗ ನೀವು. ಗೊತ್ತಿದ್ದೂ ತಂದಿರಿ ಎಂದರೆ ನೀವು ಕೆಟ್ಟವರಾಗುತ್ತೀರಿ, ಗೊತ್ತಿಲ್ಲದೆ ತಂದಿರಿ ಎಂದರೆ ನಿಮ್ಮ ಅಮ್ಮನ ಕೈಯಲ್ಲಿ ಅಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಉಂಡಿರಿ ಎಂದಾಗುತ್ತದೆ. ಯಾವುದು ಬೇಕೋ ಇಟ್ಟುಕೊಳ್ಳಿ.

ಮಗು ಅಳುವುದನ್ನು ನೋಡಲಾಗದೆ ನಾನೇ ಮಿಡತೆ ಹಿಡಿಯತೊಡಗಿದೆ. ಫ್ಯಾಕ್ಟರಿ ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದು, ಗದ್ದೆ ಬದುವಿನಲ್ಲಿ ಸೆರಗು ಸಿಕ್ಕಿಸಿಕೊಂಡು ಹುಲ್ಲು ತಡಕುತ್ತಿದ್ದೆ. ಊಟದ ಡಬ್ಬಿಯ ಮೇಲಿನ ಬಟ್ಟಲಲ್ಲಿ ಅವನ್ನು ತುಂಬಿಕೊಂಡು ಬರುತ್ತಿದ್ದೆ. ಹುಟ್ಟಿದಾಗಿನಿಂದ ಒಂದು ಮೊಟ್ಟೆ ಮುಟ್ಟದವಳು ನಾನು. ಮೊದಲ ಸಲ ಬೆಲ್ಲ ಅದನ್ನು ಕಚ್ಚಿ ಅಲ್ಲಾಡಿಸಿದಾಗ ಹಿತ್ತಿಲಿಗೆ ಹೋಗಿ ವಾಂತಿ ಮಾಡಿದೆ. ಅರ್ಪಿತ ಮಾತ್ರ ಚಪ್ಪಾಳೆ ತಟ್ಟಿದಳು. ಅತ್ತೆ ಪೂಜೆಗೆ ಕೂತ ಹೊತ್ತಿನಲ್ಲಿ ನಾವಿಬ್ಬರೂ ಕದ್ದು ಈ ಕೆಲಸ ಮಾಡುತ್ತಿದ್ದೆವು. ಸುಳ್ಳೇಕೆ, ಆ ದಿನಗಳಲ್ಲಿ ನನ್ನ ಮಗಳು ನನ್ನವಳಾಗಿದ್ದಳು. ನಾನು ಬರುವ ಹೊತ್ತಿಗೆ ಗೇಟಿನಲ್ಲಿ ನಿಂತಿರುತ್ತಿದ್ದಳು. ಬಾಲ ಮತ್ತೆ ತುಂಬಿಕೊಂಡಿತು. ಅನ್ನವೇ ಒಗ್ಗಿತು ಎಂದುಕೊಂಡು ಅತ್ತೆ ಮರಿಯಯ್ಯನವರ ಮನೆಗೂ ಹೋಗಿ ಹೇಳಿ ಬಂದರು.

ಹೋದ ಸೋಮವಾರ ಬೆಳಿಗ್ಗೆ ಒಂದು ಮಿಡತೆ ತಪ್ಪಿಸಿಕೊಂಡು ಪೂಜೆಯ ಮೂಲೆಗೆ ಹೋಯಿತು. ಅತ್ತೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದರು. ಮಿಡತೆ ತೆವಳಿಕೊಂಡು ಬಂದು ಅವರ ಮಣಿಕಟ್ಟಿನ ಮೇಲೆ ಹತ್ತಿತು. ಅವರು ಬಲಗೈಯಲ್ಲಿ ಮೆಲ್ಲಗೆ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಅದಕ್ಕೆ ಹಿಂಗಾಲು ಎರಡೂ ಇರಲಿಲ್ಲ. “ಇದರ ಕಾಲು ಯಾರು ಕಿತ್ತಿದ್ದು?” ಎಂದು ಕೇಳಿದರು. “ನಾನೇ ಅಜ್ಜಿ. ಕೀಳದಿದ್ರೆ ಹಾರೋಗುತ್ತೆ, ಬೆಲ್ಲಂಗೆ ಸಿಗಲ್ಲ” ಎಂದಳು ಅರ್ಪಿತ. ಹೂವು ಯಾರು ಕಿತ್ತಿದ್ದು ಎಂದು ಕೇಳಿದ್ದರೂ ಅದೇ ದನಿಯಲ್ಲಿ ಹೇಳುತ್ತಿದ್ದಳು. ಕಾಲು ಕೀಳುವುದನ್ನು ಅವಳಿಗೆ ತೋರಿಸಿಕೊಟ್ಟವಳು ನಾನು.

ಅತ್ತೆ ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಆಗುವುದಿಲ್ಲ. ಗೋಡೆಯ ಹಲ್ಲಿಯೂ ನೊಣ ತಿನ್ನುವುದಿಲ್ಲವೇ ಎಂದು ನಾನು ವಾದ ಮಾಡಿದೆ. ಅವರು ಹೇಳಿದರು: “ತಿನ್ನಲಿ. ಅದು ಅದರ ಪಾಡು, ಶಿವ ಕೊಟ್ಟಿದ್ದು. ಆದರೆ ಕೂಸಿನ ಕೈಗೆ ಕೊಲ್ಲೋದ ಕಲಿಸ್ಬುಟ್ಯಲ್ಲವ್ವ. ಹುಳದ ಕಾಲು ಕಿತ್ತು ನಗ್ತಾ ಅವಳೆ. ಅದಿರೋ ಮನೇಲಿ ನಾನಿರಕ್ಕಾಗದಿಲ್ಲ ಕಣವ್ವ. ಅದ ಕಳಿಸು, ಇಲ್ದಿದ್ರೆ ನನ್ನ ದಾರಿ ನಾನು ನೋಡ್ಕೊತೀನಿ.” ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ನನಗೆ ಸಿಗಲಿಲ್ಲ.

ಅಂದಿನಿಂದ ಅವರು ಪಡಸಾಲೆಯಲ್ಲಿ ಬೇರೆ ಒಲೆ ಹೂಡಿ ಗಂಜಿ ಕಾಯಿಸಿಕೊಳ್ಳುತ್ತಿದ್ದಾರೆ. ನಾನು ಕೊಟ್ಟ ನೀರನ್ನೂ ಮುಟ್ಟುತ್ತಿಲ್ಲ. ಅಜ್ಜಿಯ ಮಗ್ಗುಲು ಬಿಟ್ಟು ಮಲಗದಿದ್ದ ಅರ್ಪಿತ ಈಗ ಪೆಟ್ಟಿಗೆಯ ಪಕ್ಕ ಚಾಪೆ ಹಾಕಿಕೊಳ್ಳುತ್ತಾಳೆ. ಬೆಲ್ಲನನ್ನು ಅಪ್ಪನ ಹತ್ತಿರ ಬಿಟ್ಟುಬಿಡೋಣ ಎಂದು ಮೆತ್ತಗೆ ಹೇಳಿ ನೋಡಿದೆ. “ಬಿಡಮ್ಮ. ಬೆಲ್ಲ ಹೋದ್ರೆ ನಾನೂ ಹೋಗ್ತೀನಿ” ಎಂದಳು. ಮಕ್ಕಳ ಮಾತು ಎಂದು ನಗಬಹುದಿತ್ತು, ಆದರೆ ಅವಳು ಆಗಲೇ ಬಟ್ಟೆ ಮಡಿಸಿ ಶಾಲೆಯ ಚೀಲಕ್ಕೆ ತುಂಬಿಟ್ಟಿದ್ದಾಳೆ. ಅಳಲಿಲ್ಲ, ಹಟ ಮಾಡಲಿಲ್ಲ. ಮೂರು ವರ್ಷದ ಹಿಂದೆ ನೀವೂ ಹೀಗೆಯೇ ಸದ್ದಿಲ್ಲದೆ ಬಟ್ಟೆ ತುಂಬಿಕೊಂಡಿದ್ದಿರಿ.

ಹಾಗಾಗಿ ನನ್ನ ಮುಂದಿರುವುದು ಹಲ್ಲಿಯ ಪ್ರಶ್ನೆಯಲ್ಲ. ಹಲ್ಲಿ ಹೋದರೆ ಮಗಳು ಹೋಗುತ್ತಾಳೆ. ಹಲ್ಲಿ ಉಳಿದರೆ ಅತ್ತೆ ಉಳಿಯುವುದಿಲ್ಲ. ನೀವು ಬಿಟ್ಟು ಹೋದ ದಿನ ನಮ್ಮಪ್ಪನ ಮನೆಯವರೇ ಹೊಂದಿಕೊಂಡು ಹೋಗಬೇಕಿತ್ತು ಎಂದು ನನಗೆ ಬುದ್ಧಿ ಹೇಳಿದಾಗ, ನನ್ನ ಪಕ್ಕ ನಿಂತವರು ನಿಮ್ಮ ಅಮ್ಮ ಒಬ್ಬರೇ. “ಅವನ ಮನೆ ನೀರು ನನಗೆ ಬೇಡ, ನಾನು ನಿನ್ನ ಜೊತೆ ಇರ್ತೀನಿ” ಎಂದು ಈ ಬಾಡಿಗೆ ಮನೆಗೆ ನನ್ನ ಹಿಂದೆ ಬಂದರು. ನಾನು ಡ್ಯೂಟಿಗೆ ಹೋದಾಗ ಮಗಳನ್ನು ಸಾಕಿದವರು ಅವರು. ಟೈಫಾಯ್ಡ್ ಆಗಿ ನಾನು ಮಲಗಿದಾಗ ನನ್ನ ತಲೆ ಬಾಚಿದವರೂ ಅವರೇ. ಹೆತ್ತ ತಾಯಿಗಿಂತ ಅವರನ್ನು ಹೆಚ್ಚು ಹಚ್ಚಿಕೊಂಡಿದ್ದೇನೆ.

ಈಗ ತೀರ್ಮಾನ ಬರೆಯುತ್ತೇನೆ. ಬೆಲ್ಲ ಇಲ್ಲೇ ಇರುತ್ತದೆ. ಅರ್ಪಿತ ಇಲ್ಲೇ ಇರುತ್ತಾಳೆ. ಭಾನುವಾರ ಬಂದು ನಿಮ್ಮ ಅಮ್ಮನನ್ನು ಕರೆದುಕೊಂಡು ಹೋಗಿ.

ಎರಡು ಸಲ ಓದಿಕೊಳ್ಳಿ, ನಾನು ಸರಿಯಾಗಿಯೇ ಬರೆದಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ, ಆದರೂ ಮಗಳನ್ನು ಕಳಿಸಿ ಬದುಕುವ ಶಕ್ತಿ ನನಗಿಲ್ಲ. ಹಲ್ಲಿ ಸಂಸಾರಸ್ಥರಿಗೆ ಒಳ್ಳೆಯ ಸಾಕುಪ್ರಾಣಿಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ಮನೆಯಲ್ಲಿ ಕಳೆದುಕೊಳ್ಳಲು ಒಬ್ಬರು ಹೆಚ್ಚಾಗಿದ್ದರೆ ಸಾಕಿ ಎನ್ನುತ್ತೇನೆ.

ನಿಮ್ಮ ಅಡುಗೆಮನೆಯಲ್ಲಿ ಮೊಟ್ಟೆ, ಮಾಂಸ ಬೇಯುತ್ತದೆ ಎಂದು ಅರ್ಪಿತ ಹೇಳಿದ್ದಾಳೆ. ಅತ್ತೆಗೆ ಬೇರೆ ಒಲೆ, ಬೇರೆ ಪಾತ್ರೆ ಮಾಡಿಕೊಡಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಿ. ಬೆಳಿಗ್ಗೆ ಪೂಜೆ ಆಗುವವರೆಗೆ ಅವರು ನೀರನ್ನೂ ಮುಟ್ಟುವುದಿಲ್ಲ, ಬಲವಂತ ಮಾಡಬೇಡಿ. ಚಳಿ ಬಿದ್ದರೆ ಎಡಗಾಲು ಸೆಳೆಯುತ್ತದೆ. ಹರಳೆಣ್ಣೆ ಬಿಸಿ ಮಾಡಿ ಹಿಮ್ಮಡಿಯಿಂದ ಮೇಲಕ್ಕೆ ನೀವಬೇಕು, ತಾವಾಗಿ ಕೇಳುವುದಿಲ್ಲ. ಸುನೀತಾ ಅವರಿಗೆ ಹೇಳಿ, ಅತ್ತೆ ಮೊದಲು ಮಾತಾಡಿಸದಿದ್ದರೆ ಬೇಜಾರು ಮಾಡಿಕೊಳ್ಳುವುದು ಬೇಡ. ತುಂಬಾ ದಿನ ಮಾತಾಡದೆಯೂ ಇರಬಹುದು.

ಇಷ್ಟೇ.

ಇಂತಿ,
ದಾಕ್ಷಾಯಿಣಿ

ವಿ. ಸೂ. (ಶುಕ್ರವಾರ): ಇದರಲ್ಲಿ ಒಂದು ಅಕ್ಷರವನ್ನೂ ನಾನು ಅತ್ತೆಗೆ ಹೇಳಿಲ್ಲ. ಭಾನುವಾರ ನೀವು ಹಲ್ಲಿಯನ್ನು ಒಯ್ಯಲು ಬರುತ್ತೀರಿ ಎಂದೇ ಅವರು ತಿಳಿದಿದ್ದಾರೆ, ನಾನೇ ಹಾಗೆ ನಂಬಿಸಿದ್ದೇನೆ. ಇವತ್ತು ಬೆಳಿಗ್ಗೆ ಮೊದಲ ಸಲ ನನ್ನ ಕೈಯಿಂದ ಒಂದು ಲೋಟ ನೀರು ತೆಗೆದುಕೊಂಡರು. “ಬಸ್ಸಲ್ಲಿ ಕುಲುಕಾಡಿ ಗಾಜು ಒಡೆದುಗಿಡೆದೀತು, ಅದಕ್ಕೂ ಜೀವ ಅದೆ” ಎಂದು, ಪೆಟ್ಟಿಗೆಗೆ ಸುತ್ತಿ ಕಳಿಸಲು ತಮ್ಮದೊಂದು ಮೆತ್ತನೆಯ ಹಳೆ ಸೀರೆಯನ್ನು ಒಗೆದು ಒಣಹಾಕಿದ್ದಾರೆ. ಅದನ್ನು ಮಡಿಸಿ ನಾನು ಅವರ ಬಟ್ಟೆಯ ಚೀಲದಲ್ಲಿ ಇಡುತ್ತೇನೆ.